ಜರ್ಮನಿ ತಾತನೂ ಸಾವಿರ ಸುಳ್ಳೂ

ತೊಂಬತ್ತರ ದಶಕದ ನಡುವೆ ಮೂರು ವರ್ಷ ನಾವು ನಾಲ್ಕು ಜನ ಸೇರಿ, ಸುಮಾರು ಇನ್ನೂರು ವರ್ಷದ ಹಿಂದೆ ತೀರಿಕೊಂಡ ಒಬ್ಬ ಜರ್ಮನ್ ತತ್ವಜ್ಞಾನಿಯನ್ನು ಓದುತ್ತಿದ್ದೆವು. ಅವನ ಹೆಸರು ನಮ್ಮ ನಾಲ್ವರ ಬಾಯಲ್ಲಿ ನಾಲ್ಕು ಬಗೆಯಾಗಿ ಹೊರಡುತ್ತಿದ್ದರಿಂದ ಎರಡನೆಯ ತಿಂಗಳಿಗೇ ಅದನ್ನು ಬಿಟ್ಟು 'ತಾತ' ಎಂದು ಕರೆಯತೊಡಗಿದೆವು. ತಾತ ತನ್ನೂರು ಬಿಟ್ಟು ದೂರ ಹೋದವನಲ್ಲ. ದಿನಾ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ನಡೆಯುತ್ತಿದ್ದನಂತೆ, ಅದನ್ನು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಇದನ್ನು ಕೇಳಿ ನಮ್ಮಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಮ್ಮ ಕಡೆ ಎತ್ತುಗಳೂ ಹಾಗೇ ನಡೆಯುತ್ತವೆ.

ಕೂಟ ಕಟ್ಟಿದವರು ಪ್ರೊಫೆಸರು. ಮೈಸೂರಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳಿ ನಿವೃತ್ತರಾಗಿ, ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ಅವರು ನಿವೃತ್ತರಾದದ್ದು ಲೆಕ್ಚರರ್ ಆಗಿಯೇ. ಪ್ರೊಫೆಸರ್ ಅನ್ನುವ ಬಡ್ತಿ ಕೊಟ್ಟವರು ಊರಿನವರು. ಎರಡನೆಯವರು ನಾಗಮಂಗಲದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹುಕಾರರು. ಅವರು ಬಿ.ಎ. ಓದುವಾಗ ಇದೇ ಪ್ರೊಫೆಸರ ಕೈಯಲ್ಲಿ ಇದೇ ವಿಷಯದಲ್ಲಿ ಎರಡು ಸಲ ನಪಾಸಾಗಿದ್ದರು. ತಾವು ನಪಾಸಾದದ್ದು ಯಾವುದರಲ್ಲಿ ಎಂದಾದರೂ ಸಾಯುವ ಮುಂಚೆ ತಿಳಿದುಕೊಳ್ಳಬೇಕೆಂದು ಬಂದು ಸೇರಿದರು. ಮೂರನೆಯವನು ಕೆ.ಆರ್. ಪೇಟೆ ತಾಲ್ಲೂಕು ಶೀಳನೆರೆ ಕಡೆಯ ಒಂದು ಹಾಲಿನ ಡೈರಿಯ ಸೆಕ್ರೆಟರಿ, ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಹಾಲಿಗೆ ನೀರು ಬೆರೆಸಿದ್ದಾರೆಂದು ಸ್ವಂತ ಅಪ್ಪನ ಕ್ಯಾನನ್ನೇ ವಾಪಸು ಕಳಿಸಿದವನು. ಅಂಥವನನ್ನು ಕೂಟಕ್ಕೆ ಕರೆದುಕೊಂಡು ಹೋಗದೆ ಇನ್ನೆಲ್ಲಿಗೆ ಕರೆದುಕೊಂಡು ಹೋಗುವುದು? ನಾಲ್ಕನೆಯವನು ನಾನು, ಪಾಂಡವಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ವಯಸ್ಸು ಮೂವತ್ತಮೂರು, ಮದುವೆಯಾಗಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ತಿಂಗಳಿಗೊಮ್ಮೆ, ಎರಡನೇ ಶನಿವಾರ, ಸರದಿಯ ಮೇಲೆ ಒಬ್ಬೊಬ್ಬರ ಊರಿನಲ್ಲಿ ಸೇರುತ್ತಿದ್ದೆವು. ಶ್ರೀರಂಗಪಟ್ಟಣದ ಸರದಿ ಬಂದಾಗ ಪ್ರೊಫೆಸರ ಜಗಲಿ, ಇಲ್ಲವೆ ಕರಿಘಟ್ಟದ ಮೆಟ್ಟಿಲು. ಪಾಂಡವಪುರದಲ್ಲಿ ನಮ್ಮ ಶಾಲೆಯ ಒಂದು ಕೊಠಡಿ. ಶೀಳನೆರೆಯಲ್ಲಿ ಡೈರಿಯ ಹಿಂಡಿ ಮೂಟೆಗಳ ಮೇಲೆ. ನಾಗಮಂಗಲದಲ್ಲಿ ಅಂಗಡಿಯ ಮಹಡಿ, ಸುತ್ತ ಪಂಚೆಯ ಬಂಡಲುಗಳು. ಒಂದು ಸಲಕ್ಕೆ ಒಂದೇ ಪ್ಯಾರಾ. ಪ್ರೊಫೆಸರು ಅದನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳುವರು. ಆಮೇಲೆ ಉಳಿದ ಮೂವರೂ ಅದನ್ನು ತಂತಮ್ಮ ಊರಿನ ಮಾತಿನಲ್ಲಿ, ತಂತಮ್ಮ ಕಸುಬಿನ ಉದಾಹರಣೆ ಕೊಟ್ಟು ತಿರುಗಿ ಹೇಳಬೇಕು. ಒಬ್ಬನಿಗೆ ಆಗದಿದ್ದರೂ ಆ ಪ್ಯಾರಾ ಮುಂದಿನ ತಿಂಗಳಿಗೆ ಹೋಗುತ್ತಿತ್ತು. ಮೂರು ವರ್ಷಕ್ಕೆ ಹದಿನಾಲ್ಕು ಪುಟ ಮುಗಿಸಿದ್ದೆವು. ನಾವು ಸ್ವಲ್ಪ ಆತುರಪಡುತ್ತಿದ್ದೇವೆಂದು ಪ್ರೊಫೆಸರ ಅಭಿಪ್ರಾಯ.

ಸುಳ್ಳಿನ ಪ್ಯಾರಾ ಬಂದದ್ದು ನಾಗಮಂಗಲದಲ್ಲಿ. ಸುಳ್ಳನ್ನು ಯಾವತ್ತೂ, ಯಾರಿಗೂ, ಏನೇ ಆದರೂ ಹೇಳಕೂಡದು ಎಂಬುದು ತಾತನ ವಾದ. ನಿನ್ನ ಸ್ನೇಹಿತ ನಿನ್ನ ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದಾನೆ, ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು 'ಒಳಗಿದ್ದಾನಾ' ಅನ್ನುತ್ತಾನೆ, ಆಗಲೂ ಸುಳ್ಳು ಹೇಳಕೂಡದು. ನಿಜ ಹೇಳಿದರೆ ಮುಂದೆ ಆಗುವುದು ನಿನ್ನ ತಲೆಯ ಮೇಲೆ ಬರುವುದಿಲ್ಲ, ಒಳ್ಳೆಯದಾಗಲೆಂದೇ ಸುಳ್ಳು ಹೇಳಿದರೂ ಅದರಿಂದ ಏನೇನು ಕೆಟ್ಟರೂ ಆ ಹೊಣೆ ನಿನ್ನದೇ ಅಂದಿದ್ದ ತಾತ.

ಸಾಹುಕಾರರು ತಲೆ ಕೆರೆದುಕೊಂಡರು. "ಸಾರ್, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ನಮ್ಮ ಹಿರಿಯರು ಹೇಳವ್ರಲ್ಲ, ಅವರೇನು ದಡ್ಡರಾ?"

"ದಡ್ಡರಲ್ಲ. ಆದರೆ ಆ ಮದುವೆಗಳು ಹೇಗಿವೆ ಅಂತ ಯಾರೂ ಹೋಗಿ ನೋಡಿಲ್ಲ," ಅಂದರು ಪ್ರೊಫೆಸರು.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಒಂದು ನಿರ್ಣಯವಾಯಿತು. ಆರು ತಿಂಗಳು ನಾಲ್ವರೂ ಸುಳ್ಳಿಲ್ಲದೆ ಇದ್ದು ನೋಡುವುದು, ಆಮೇಲೆ ತಾತನಿಗೆ ತೀರ್ಪು ಕೊಡುವುದು. ನಾನು ಎದ್ದು ನಿಂತು ಒಂದು ತಿದ್ದುಪಡಿ ಸೂಚಿಸಿದೆ. ಎದುರಿನವನಿಗೆ ತಿಳಿಯಬೇಕಾದದ್ದನ್ನು ಗೊತ್ತಿದ್ದೂ ಹೇಳದೆ ಸುಮ್ಮನಿರುವುದೂ ಸುಳ್ಳೇ ಎಂದು ಸೇರಿಸಬೇಕು ಅಂದೆ. ಪ್ರೊಫೆಸರ ಮುಖ ಅರಳಿತು. ಸರ್ವಾನುಮತದಿಂದ ಪಾಸಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಬಗ್ಗೆ ನನಗೇ ಬಹಳ ಗೌರವ ಬಂದಿತ್ತು.

ಇಲ್ಲಿ ನನ್ನ ಎಡಗಿವಿಯ ವಿಷಯ ಹೇಳಬೇಕು. ಆರನೆಯ ವಯಸ್ಸಿನಲ್ಲಿ ಕಿವಿ ಸೋರಿ, ಯಾರೋ ಹೇಳಿದರೆಂದು ಏನೇನೋ ಬಿಸಿ ಎಣ್ಣೆ ಹಾಕಿ, ಆ ಕಿವಿ ಪೂರ್ತಿ ಹೋಗಿತ್ತು. ಬಲಗಿವಿ ಚೆನ್ನಾಗಿತ್ತು, ಪಾಠಕ್ಕೆ ತೊಂದರೆಯಿರಲಿಲ್ಲ. ಹತ್ತಿರದವರಿಗಷ್ಟೇ ಗೊತ್ತು. ಹೆಣ್ಣು ನೋಡಲು ಹೋದಾಗಲೆಲ್ಲ ನಮ್ಮವ್ವ ಮೊದಲು ಒಳಗೆ ನುಗ್ಗಿ, ಹಾಸಿದ ಚಾಪೆಯನ್ನು ಅಳೆದು, ನನ್ನ ಎಡಮಗ್ಗುಲಿಗೆ ಗೋಡೆ ಬರುವ ಹಾಗೆ ನನ್ನನ್ನು ಕೂರಿಸುತ್ತಿದ್ದಳು. ಗೋಡೆ ಸಿಗದ ಮನೆಯಲ್ಲಿ ತಾನೇ ಆ ಕಡೆ ಕೂರುವಳು.

ನಿರ್ಣಯವಾದ ಮೂರನೆಯ ವಾರ ಸಿಂಧಘಟ್ಟದಲ್ಲಿ ಒಂದು ಹೆಣ್ಣು ನೋಡಲು ಹೋದೆವು. ಒಕ್ಕಲುತನದ ಮನೆ, ಹೆಣ್ಣು ಮೇಷ್ಟ್ರ ಟ್ರೈನಿಂಗ್ ಮುಗಿಸಿದ್ದಳು. ಗೋಡೆ ಸಿಕ್ಕಿತು. ಉಪ್ಪಿಟ್ಟು, ಕಾಫಿ ಆಯಿತು. ಹೆಣ್ಣಿನ ಅಪ್ಪ ಮಗಳ ಕಡೆ ತಿರುಗಿ, "ನೀನೂ ಏನಾರ ಕೇಳವ್ವ," ಅಂದರು. ಹಾಗೆ ಅಂದಾಗ ಹೆಣ್ಣುಮಕ್ಕಳು ತಲೆ ತಗ್ಗಿಸುವುದು ವಾಡಿಕೆ. ಈಕೆ ತಗ್ಗಿಸಲಿಲ್ಲ.

"ರಜಾ ದಿನ ಏನ್ ಮಾಡ್ತೀರ?" ಅಂದಳು.

ನಾನು ತಾತನ ಬಗ್ಗೆ ಹೇಳತೊಡಗಿದೆ. ಕೊಲೆಗಾರ ಬಾಗಿಲಿಗೆ ಬರುವ ಹೊತ್ತಿಗೆ ಅವ್ವ ನನ್ನ ಕಾಲು ತುಳಿದಳು. ನಾನು ನಿಲ್ಲಿಸಲಿಲ್ಲ. ಹುಡುಗಿ ಪೂರ್ತಿ ಕೇಳಿ, "ಒಂದೂ ಸುಳ್ಳೇಳ್ದೆ ಸಂಸಾರ ಆಯ್ತದಾ?" ಅಂದು ನಕ್ಕಳು. ಅದಕ್ಕೆ ಮುಂಚೆ ಒಂಬತ್ತು ಹೆಣ್ಣು ನೋಡಿದ್ದೆ. ಯಾರೂ ನನಗೆ ಮರುಪ್ರಶ್ನೆ ಹಾಕಿರಲಿಲ್ಲ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಬೇಡವೇ ಬೇಡ ಎಂದು ಆ ಚಾಪೆಯ ಮೇಲೆಯೇ ತೀರ್ಮಾನಿಸಿದೆ. ಅಷ್ಟು ಆಸೆ ನನಗೆ ಮುಂಚೆ ಯಾವುದರ ಮೇಲೂ ಆಗಿರಲಿಲ್ಲ. ಆ ಆಸೆಯಲ್ಲೇ ಕಿವಿಯ ವಿಷಯ ಹೇಳದೆ ಗೋಡೆಗೆ ಒರಗಿ ಕೂತಿದ್ದೆ. ನನ್ನದೇ ತಿದ್ದುಪಡಿಯನ್ನು ಮೊದಲು ಮುರಿದವನು ನಾನೇ.

ಹೊರಡುವಾಗ ಹೆಣ್ಣಿನ ಅಪ್ಪ, "ಆ ನಿಮ್ ಕೂಟದೋರು ಯಾವ್ಯಾವೂರೋರು?" ಅಂದರು. ನಾನು ಹೆಮ್ಮೆಯಿಂದ ಮೂವರ ಊರು, ಗುರುತು ಎಲ್ಲ ಹೇಳಿದೆ.

ಬಸ್ಸು ಹತ್ತುವ ಮುಂಚೆಯೇ ಅವ್ವ ಶುರುಮಾಡಿದಳು. "ನಾಳೀಕೇ ಓಗಿ ಆ ಮೂವರ್ಗೂ ಒಂದ್ ಮಾತ್ ಯೋಳ್ಬುಡ್ಲಾ. ಕಿವಿ ಇಸ್ಯ ಎತ್ಬ್ಯಾಡ್ರಪ್ಪಾ ಅನ್ನು. ಅಷ್ಟೇಯ."

"ಆಗಲ್ಲ."

"ಯಾಕಾಗಲ್ಲ?"

ನಾನು ನಿರ್ಣಯವನ್ನು ವಿವರಿಸಿದೆ. ಅವ್ವ ಪಾಂಡವಪುರ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು, ಇಳಿಯುವಾಗ ಮಾತ್ರ, "ಓದ್ಸಿದ್ದು ತಪ್ಪಾಯ್ತು," ಅಂದಳು.

ನಮ್ಮ ಕಡೆ ಗಂಡು ವಿಚಾರಿಸುವುದಕ್ಕೆ ಒಂದು ಕ್ರಮವಿದೆ. ಗಂಡಿನ ಮನೆ ಹತ್ತಿರ ಯಾರೂ ಸುಳಿಯುವುದಿಲ್ಲ. ಟೀ ಅಂಗಡಿ, ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಹೀಗೆ ಕೂತು ಊರ ಮಾತಾಡುತ್ತ ನಡುವೆ ಹುಡುಗನ ಮಾತು ತರುತ್ತಾರೆ. ಯಾರನ್ನು ಕೇಳಿದರೂ 'ಚಿನ್ನದಂಥ ಹುಡುಗ' ಎಂದೇ ಉತ್ತರ. ಕುಡಿದು ಚರಂಡಿಯಲ್ಲಿ ಬೀಳುವವನೂ ಚಿನ್ನವೇ. ಆದ್ದರಿಂದ ಕೇಳಲು ಹೋದವರು ಮಾತನ್ನು ಕೇಳುವುದಿಲ್ಲ. ಉತ್ತರ ಬರುವ ಮುಂಚೆ ಅವನು ಎಷ್ಟು ಹೊತ್ತು ಸುಮ್ಮನಿದ್ದ, ಬೀಡಿ ಕೊಡವಿದನೋ ಇಲ್ಲವೋ, ಇದನ್ನು ನೋಡಿಕೊಂಡು ಬರುತ್ತಾರೆ. ಸಿಂಧಘಟ್ಟದ ಯಜಮಾನರು ಇದರಲ್ಲಿ ಪಳಗಿದವರು. ಅವರ ಜೀವಮಾನದಲ್ಲಿ ಮೊದಲ ಸಲ, ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಜನರ ಹತ್ತಿರ ಹೊರಟಿದ್ದರು.

ಮೊದಲು ನಾಗಮಂಗಲಕ್ಕೆ ಹೋದರು. ಸಾಹುಕಾರರು ಕೂರಿಸಿ, ಸೋಡಾ ತರಿಸಿ, ಹುಡುಗ ಒಳ್ಳೆಯವನು, ಸಿಟ್ಟು ಬಹಳ, ಶಾಲೆಯ ತನಿಖೆಗೆ ಬಂದ ಇನ್ಸ್‌ಪೆಕ್ಟರ ಮುಂದೆಯೇ ಒಂದು ಸಲ ಡಸ್ಟರು ಎಸೆದಿದ್ದಾನೆ ಎಂದರು. "ಆರೋಗ್ಯ?" ಎಂದು ಯಜಮಾನರು ಕೇಳಿದ್ದಕ್ಕೆ, "ಅದನ್ನ ಶೀಳನೆರೆ ಸೆಕ್ರೆಟರಿಯವರನ್ನ ಕೇಳಿ," ಎಂದು ಕಳಿಸಿಕೊಟ್ಟರು. ಸುಳ್ಳೂ ಹೇಳಲಿಲ್ಲ, ನಿಜವೂ ಹೇಳಲಿಲ್ಲ. ನಮ್ಮ ಕೂಟದಲ್ಲಿ ತಾತನನ್ನು ಅರಗಿಸಿಕೊಂಡವರು ಅವರೊಬ್ಬರೇ ಇರಬಹುದು.

ಸೆಕ್ರೆಟರಿ ಮಾರನೆಯ ದಿನ ಬೆಳಗಿನ ಹಾಲು ಮುಗಿಸಿ ಮೊಪೆಡ್ಡಿನಲ್ಲಿ ಪಾಂಡವಪುರಕ್ಕೆ ಬಂದ. ಶಾಲೆಯ ಗೇಟಿನ ಹೊರಗೇ ನಿಂತು, "ಯೋಳ್ಬುಟ್ಟೆ ಕಣ್ಲಾ," ಅಂದ.

"ಏನಂತ?"

"ಎಡಗಿವಿ ಕೇಳಕ್ಕಿಲ್ಲ, ಬಲಗಿವಿ ನಂಗಿಂತ ಚೆಂದಾಗ್ ಕೇಳ್ತದೆ ಅಂತ."

"ಅವರು ಏನಂದರು?"

"ಏನೂ ಅನ್ನಲಿಲ್ಲ. ಒಂದ್ ಲೋಟ ಹಾಲ್ ಕುಡಿದ್ರು, ಸರಿ ಅಂದ್ಬುಟ್ಟು ಎದ್ದೋದ್ರು." ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. "ಸಿಟ್ ಬಂತೇನ್ಲಾ?"

ಬಂದಿತ್ತು. ಅವನನ್ನು ಮೊಪೆಡ್ಡಿನ ಸಮೇತ ಹಳ್ಳಕ್ಕೆ ತಳ್ಳುವಷ್ಟು ಬಂದಿತ್ತು. ಆದರೆ ತಿದ್ದುಪಡಿ ನನ್ನದು. "ಸರಿಯಾಗೇ ಮಾಡಿದೆ," ಎಂದು ಹಲ್ಲು ಕಚ್ಚಿ ಹೇಳಿ ಒಳಗೆ ಹೋದೆ.

ಹತ್ತು ದಿನ ಬಿಟ್ಟು ನೆಂಟರೊಬ್ಬರ ಕೈಲಿ ಸುದ್ದಿ ಬಂತು. ಕೂಡಿ ಬರಲಿಲ್ಲವಂತೆ. ಕಾರಣ ಹೇಳುವುದು ನಮ್ಮಲ್ಲಿ ಪದ್ಧತಿಯಲ್ಲ, ಕೇಳುವುದೂ ಅಲ್ಲ. ಕಾರಣ ಎಲ್ಲರಿಗೂ ಗೊತ್ತೇ ಇತ್ತು.

ಆ ತಿಂಗಳ ಎರಡನೇ ಶನಿವಾರ ಕೂಟ ನಮ್ಮ ಶಾಲೆಯಲ್ಲಿತ್ತು. ಪ್ಯಾರಾ ಶುರುವಾಗುವ ಮುಂಚೆ ಅವ್ವ ಬಂದಳು. ಸೀದಾ ಸೆಕ್ರೆಟರಿಯ ಮುಂದೆ ನಿಂತಳು.

"ಲೇ, ನನ್ ಕೈನಾಗೆ ಮುದ್ದೆ ಉಂಡೋನಲ್ವೇನ್ಲಾ ನೀನು? ನಿನ್ ನಾಲ್ಗೆ ಒಂದ್ ದಿನ ಸುಮ್ಕಿರಕ್ಕಾಗ್ಲಿಲ್ವಾ?"

ಸೆಕ್ರೆಟರಿ ಎದ್ದು ನಿಂತ. ಅವ್ವ ಮೇಜಿನ ಮೇಲಿದ್ದ ಪುಸ್ತಕದ ಕಡೆ ಕೈ ತೋರಿಸಿ ಪ್ರೊಫೆಸರನ್ನು ಕೇಳಿದಳು.

"ಸ್ವಾಮಿ, ಈ ನಿಮ್ ಜರ್ಮನಿಯೋನ್ಗೆ ಮದ್ವೆ ಆಗಿತ್ತಾ?"

"ಇಲ್ಲಮ್ಮ."

"ಅದ್ಕೇಯ," ಅಂದಳು ಅವ್ವ.

ಮೂರು ವರ್ಷದಲ್ಲಿ ತಾತನ ಮೇಲೆ ಬಂದ ವಿಮರ್ಶೆಗಳಲ್ಲಿ ಅಷ್ಟು ಚಿಕ್ಕದು ಇನ್ನೊಂದಿರಲಿಲ್ಲ. ಆಗ ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾ, ಅವರು ಶೀಳನೆರೆಯಿಂದ ನನ್ನ ಮನೆಗೂ ಬಂದಿದ್ದರು. ಹುಡುಗನ ಕಿವಿ ಹೇಗೆ ಅಂತ ನೇರವಾಗಿ ಕೇಳಿದರು. ಎರಡೂ ಚೆನ್ನಾಗಿವೆ ಅಂದೆ. ಸೆಕ್ರೆಟರಿ ಮೊದಲೇ ಹೇಳಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಇದನ್ನೇ ಪಾಠ ಹೇಳಿದವನು ನಾನು. ಬಾಗಿಲಲ್ಲಿ ನಿಂತ ಮನುಷ್ಯನ ಮುಂದೆ ಆಗಲಿಲ್ಲ. ಇವನ ಮುಖ ಕಣ್ಣಿಗೆ ಬಂತು." ನನ್ನ ಕಡೆ ನೋಡಲಿಲ್ಲ. "ಆದರೆ ಪ್ರಯೋಜನವಾಗಲಿಲ್ಲ."

ಅವ್ವ ಅವರಿಗೆ ಎರಡೂ ಕೈ ಜೋಡಿಸಿದಳು. "ನಿಮಗೆ ಮನ್ಸತ್ವ ಐತೆ ಸ್ವಾಮಿ," ಅಂದು ಸೆಕ್ರೆಟರಿಯ ಕಡೆ ಒಂದು ಸಲ ನೋಡಿ ಹೊರಟುಹೋದಳು. ಅವತ್ತು ಪ್ಯಾರಾ ಓದಲಿಲ್ಲ. ಪ್ರೊಫೆಸರು ನಾಚಿಕೊಂಡಿದ್ದರು ನಿಜ, ಆದರೆ ನಾನು ಕಂಡ ಹಾಗೆ ಅವರು ಸ್ವಲ್ಪ ಹಗುರವಾಗಿಯೂ ಇದ್ದರು. ಮಕ್ಕಳಿಲ್ಲದ ಮನುಷ್ಯ, ಬೇರೆಯವರ ಮಗನಿಗಾಗಿ ತಮ್ಮ ವ್ರತ ಕೆಡಿಸಿಕೊಂಡಿದ್ದರು.

ಸೆಕ್ರೆಟರಿಯ ಗತಿ ಬೇರೆಯಾಯಿತು. ಸುದ್ದಿ ಹಬ್ಬಿತು. ಅವನ ಊರಿನಲ್ಲಿ ಹೆಣ್ಣು ಕೇಳಲು ಹೊರಡುವ ಗುಂಪಿಗೆ ಅವನನ್ನು ಕರೆಯುವುದು ನಿಂತಿತು. ಅವನು ಎದುರು ಬಂದರೆ ಗಂಡುಮಕ್ಕಳ ತಾಯಂದಿರು ಸೆರಗು ಸರಿಮಾಡಿಕೊಂಡು ಬೇರೆ ಬೀದಿಗೆ ತಿರುಗುವರು. ಅವನ ಹೆಂಡತಿಯೂ ಅವನನ್ನು ಬೈಯದೆ ಬಿಡಲಿಲ್ಲ. ನಾಲ್ಕು ಕೂಟಗಳಲ್ಲಿ ಅವನು ಬಂದು ಕೂತು, ತನ್ನ ಸರದಿ ಬಂದಾಗ, "ನಂಗ್ ಅರ್ಥ ಆಗ್ಲಿಲ್ಲ," ಅನ್ನುತ್ತಿದ್ದ. ನಾವು ಅದೇ ಪ್ಯಾರಾದಲ್ಲೇ ನಿಂತೆವು. ನಾನೂ ಅವನ ಜೊತೆ ಮೊದಲಿನಂತೆ ಮಾತಾಡುತ್ತಿರಲಿಲ್ಲ. ತತ್ವ ತತ್ವವೇ, ಆದರೆ ಆ ಹುಡುಗಿ ನಕ್ಕದ್ದು ನೆನಪಾದಾಗಲೆಲ್ಲ ಅವನ ಮೇಲೆ ಸಿಟ್ಟು ಉಕ್ಕುತ್ತಿತ್ತು.

ಹೀಗಿರುವಾಗ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಂಧಘಟ್ಟದ ಯಜಮಾನರು ಸಿಕ್ಕಿದರು. ಕೈಯಲ್ಲಿ ಲಗ್ನಪತ್ರಿಕೆಗಳ ಕಟ್ಟು. ನನ್ನನ್ನು ಕಂಡು ಸಂಕೋಚಪಟ್ಟು, "ಚೆಂದಾಗಿದ್ದೀರಾ ಮೇಷ್ಟ್ರೇ," ಅಂದರು. ನಾನು ಸಿಟ್ಟಿನವನು, ಕೇಳಬಾರದ್ದನ್ನು ಕೇಳಿಯೇಬಿಟ್ಟೆ. "ಒಂದು ಕಿವಿಗೋಸ್ಕರ ಬಿಟ್ಟಿರಲ್ಲ?"

ಅವರು ನನ್ನ ಬಲಗಡೆಗೆ ಬಂದು ನಿಂತು ಮಾತಾಡಿದರು. ಅದನ್ನು ನೋಡಿಯೇ ನನ್ನ ಸಿಟ್ಟು ಅರ್ಧ ಇಳಿಯಿತು.

"ಕಿವಿಗಾ? ಅಯ್ಯೋ, ಅದ್ಯಾವ್ ದೊಡ್ಡದು ಮೇಷ್ಟ್ರೇ. ನನ್ ತಮ್ಮಂಗೆ ಒಂದ್ ಕಣ್ಣೇ ಇಲ್ಲ, ಮೂರ್ ಮಕ್ಕಳವೆ, ಟ್ರಾಕ್ಟರು ಓಡಿಸ್ತಾನೆ. ಆ ಡೈರಿಯೋರು ಯೋಳ್ದಾಗ್ಲೇ ನಾನು ಒಪ್ಕೊಂಡಿದ್ದೆ. ಇಂಗೆ ಬಾಯಿಬುಟ್ಟು ನಿಜ ಯೋಳೋರ ಸಾವಾಸ ಮಾಡೋ ಹುಡ್ಗ ಕೆಟ್ಟೋನಾಗಿರಕ್ಕಿಲ್ಲ ಅಂತ. ಮನೇಗ್ ಬಂದು ಮಗಳ್ಗೂ ಯೋಳ್ದೆ. ಬಲಗಡೆ ಕೂತ್ಕೊಂಡ್ರಾಯ್ತು ಬುಡಪ್ಪ ಅಂದ್ಲು."

"ಮತ್ತೆ?"

"ಮತ್ತೇನು, ಮನ್ಸು ತಡೀದೆ, ಕೊನೇ ಒಂದ್ ಮಾತು ಅಂತ ಪಟ್ಟಣದ ಪ್ರೊಫೆಸರ ತಾವ ಹೋದೆ. ಎರಡೂ ಕಿವಿ ಚೆಂದಾಗವೆ ಅಂದ್ಬುಟ್ರು. ಅಷ್ಟ್ ದೊಡ್ಡೋರು, ಅಷ್ಟ್ ವಯಸ್ಸಾದೋರು, ನಿಮ್ಗೆ ಗುರುಗಳಾದೋರು, ಅವರೇ ಸುಳ್ಳೇಳ್ತಾರೆ ಅಂದ್ರೆ ಬರೀ ಕಿವಿ ಅಲ್ಲ, ಇನ್ನೇನೋ ದೊಡ್ಡದೇ ಮುಚ್ಚಿಟ್ಟವ್ರೆ ಅನ್ನುಸ್ತು. ಹೆದರ್ಕೊಂಡ್ಬುಟ್ಟೆ ಮೇಷ್ಟ್ರೇ. ಹೆಣ್ ಹೆತ್ತೋನು." ಪತ್ರಿಕೆಗಳ ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡರು. "ಇವಾಗ ಬೇರೆ ಕಡೆ ವೀಳ್ಯಶಾಸ್ತ್ರ ಆಗೋಯ್ತು."

ನನಗೂ ಒಂದು ಪತ್ರಿಕೆ ಕೊಡುವುದೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದರು. ಕೊಡಲಿಲ್ಲ. ಅವರ ಬಸ್ಸು ಬಂತು.

ಆ ವಾರವೆಲ್ಲ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅವಳು ಒಪ್ಪಿದ್ದಳು ಎಂಬುದು ಒಂದು ಕಡೆ, ಅದನ್ನು ಕೆಡಿಸಿದವರು ನನ್ನ ಒಳ್ಳೆಯದಕ್ಕೇ ಕೆಡಿಸಿದರು ಎಂಬುದು ಇನ್ನೊಂದು ಕಡೆ. ತಾತ ಹೇಳಿದ್ದು ಅಕ್ಷರಶಃ ನಡೆದಿತ್ತು. ಒಂದು ತತ್ವ ನಿಜವಾಗಲು ನನ್ನ ಮದುವೆಯೇ ಬೇಕಿತ್ತೇ ಅನ್ನಿಸಿತು. ಎರಡನೇ ಶನಿವಾರ ಶ್ರೀರಂಗಪಟ್ಟಣಕ್ಕೆ ಹೊರಟಾಗ ನನ್ನ ಮನಸ್ಸಿನಲ್ಲಿ ಒಂದೇ ಇತ್ತು, ಎಲ್ಲರ ಮುಂದೆ ಪ್ರೊಫೆಸರಿಗೆ ಇದನ್ನು ಹೇಳಬೇಕು. ನಿರ್ಣಯ, ತಿದ್ದುಪಡಿ ಎರಡೂ ನನ್ನ ಕಡೆಗಿದ್ದವು.

ಸೆಕ್ರೆಟರಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಕೂಟ ಕರಿಘಟ್ಟದಲ್ಲಿ. ಇಬ್ಬರೂ ನಡೆದೇ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅವನೇ ಬಾಯಿಬಿಟ್ಟ. "ಇವತ್ತಿಂದ ಬರಕ್ಕಿಲ್ಲ ಕಣ್ಲಾ. ಯೋಳೋಗನ ಅಂತ ಬಂದೆ. ನಿನ್ ಮುಖ ನೋಡಕ್ಕಾಗಕ್ಕಿಲ್ಲ."

ರಸ್ತೆಯಲ್ಲೇ ನಿಂತು ಅವನಿಗೆ ಎಲ್ಲ ಹೇಳಿದೆ. ಹಾಲು ಕುಡಿದು ಎದ್ದುಹೋದಾಗಲೇ ಅವರು ಒಪ್ಪಿದ್ದರೆಂಬುದನ್ನು, ಅವಳು ಅಂದ ಮಾತನ್ನು, ಪ್ರೊಫೆಸರ ಬಾಗಿಲಲ್ಲಿ ಆದದ್ದನ್ನು. ಅವನು ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ತಪ್ಪಾಯ್ತು ಕಣಯ್ಯಾ," ಅಂದೆ ನಾನು. "ಈಗ ಹೋಗಿ ಎಲ್ಲರ ಮುಂದೆ ಹೇಳ್ತೀನಿ. ನಮ್ಮವ್ವನಿಗೂ ಹೇಳ್ತೀನಿ. ನಿನ್ನ ಮೇಲಿನ ಅಪವಾದ ಹೋಗಬೇಕು."

"ಪ್ರೊಫೆಸರ್ಗೆ ಗೊತ್ತಾ ಇದು?"

"ಇನ್ನೂ ಇಲ್ಲ."

ಎದ್ದು ಪಂಚೆ ಕೊಡವಿಕೊಂಡ. "ಯೋಳ್ಬ್ಯಾಡ. ಅವ್ವಂಗೂ ಯೋಳ್ಬ್ಯಾಡ, ಅಲ್ಲಿಂದ ಅವ್ರ ಕಿವಿಗೆ ಬೀಳ್ತದೆ. ಒಂಟಿ ಮನ್ಸ, ಇದ ಕೇಳುದ್ರೆ ಉಳಿಯಕ್ಕಿಲ್ಲ. ನನ್ ಮ್ಯಾಲೇ ಇರ್ಲಿ ಬುಡು."

"ಲೋ, ನಿರ್ಣಯ?"

"ಅದೂ ಇರ್ಲಿ. ನಾನೇನ್ ಬ್ಯಾಡ ಅಂದ್ನಾ?" ಅಂದು ಮುಂದೆ ನಡೆದ.

ಪ್ರೊಫೆಸರು ಬೆಟ್ಟದ ಮೆಟ್ಟಿಲ ಬುಡದಲ್ಲಿ ಕೊಡೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಸಾಹುಕಾರರು. ನಮ್ಮಿಬ್ಬರನ್ನು ಒಟ್ಟಿಗೆ ಕಂಡು ಪ್ರೊಫೆಸರಿಗೆ ಸಂತೋಷವಾಯಿತು. ಸೆಕ್ರೆಟರಿಯ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ, ಮೇಷ್ಟ್ರು ಮಕ್ಕಳಿಗೆ ಬುದ್ಧಿ ಹೇಳುವಂತೆ, "ಅಲ್ಲಪ್ಪ, ಅವತ್ತು ನೀನೂ ಒಂದು ಮಾತು ತಡೆದುಕೊಂಡಿದ್ದರೆ ಇವನ ಮದುವೆ ಆಗಿಹೋಗ್ತಿತ್ತಲ್ಲ," ಅಂದರು.

"ಊ ಸಾರ್," ಅಂದ ಸೆಕ್ರೆಟರಿ. "ನನ್ನಿಂದ್ಲೇ ಕೆಟ್ಟೋಯ್ತು."

ಪ್ರೊಫೆಸರು ಅವನ ಬೆನ್ನು ತಟ್ಟಿ, "ಹೋಗಲಿ ಬಿಡು," ಅಂದರು. ನಾನು ಸುಮ್ಮನಿದ್ದೆ. ನಾಲ್ವರೂ ಮೆಟ್ಟಿಲು ಹತ್ತಿದೆವು. ನನಗೆ ಅಳು ಬರುತ್ತಿತ್ತು, ಅದಕ್ಕೆ ಎಲ್ಲರಿಗಿಂತ ಹಿಂದೆ ಹತ್ತಿದೆ.